ಒಂದು ಟೈರ್ ಸೀಳಿದರೆ ನಾಲ್ಕನ್ನೂ ಬದಲಿಸಬೇಕೇ?

ಪ್ರಶ್ನೆ: ನಮ್ಮದು ಆಲ್ ವೀಲ್ ಡ್ರೈವ್ ಗ್ರ್ಯಾಂಡ್ ವಿಟಾರಾ, 34 ಸಾವಿರ ಕಿ.ಮೀ. ಓಡಿದೆ. ತೋಟದ ದಾರಿಯಲ್ಲಿ ಕಲ್ಲು ತಾಗಿ ಹಿಂದಿನ ಎಡ ಟೈರಿನ ಪಕ್ಕ ಸೀಳಿದೆ. ಉಳಿದ ಮೂರರಲ್ಲಿ 4.5 ಮಿ.ಮೀ. ಟ್ರೆಡ್ (ನೆಲ ತಾಗುವ ಮೈಯ ಗೆರೆಗಳ ಆಳ) ಇದೆ. ಒಂದು ಅಂಗಡಿಯವರು ಒಂದೇ ಸಾಕು ಎನ್ನುತ್ತಾರೆ, ಇನ್ನೊಬ್ಬರು ಜೋಡಿ ಹಾಕಿ ಅಂತಾರೆ, ಸರ್ವಿಸ್ ಸೆಂಟರಿನವರು ನಾಲ್ಕೂ ಬೇಕು ಎನ್ನುತ್ತಾರೆ. ಯಾರ ಮಾತು ಕೇಳಲಿ?
– ಓದುಗರು, ಮೂಡಿಗೆರೆ

ಉತ್ತರ: ಸರ್ವಿಸ್ ಸೆಂಟರಿನವರ ಮಾತು. ಪಕ್ಕ ಸೀಳಿದ ಟೈರಿಗೆ ಯಾವ ಪ್ಯಾಚೂ ನಿಲ್ಲದು, ಅದನ್ನು ಬಿಟ್ಟುಬಿಡಿ.

ನಿಮ್ಮ ಸೈಜು 215/60 ಆರ್17. ಹೊಸದರಲ್ಲಿ ಸುಮಾರು 8 ಮಿ.ಮೀ. ಟ್ರೆಡ್ ಇರುತ್ತದೆ ಎಂದಿಟ್ಟುಕೊಳ್ಳಿ. ನಿಮ್ಮ ಹಳೆಯದಕ್ಕಿಂತ 3.5 ಮಿ.ಮೀ. ಹೆಚ್ಚು, ಸುತ್ತಳತೆಯಲ್ಲಿ 22 ಮಿ.ಮೀ. ಹೆಚ್ಚು. ಹಾಗಾಗಿ ಹಳೆಯ ಟೈರು ಪ್ರತಿ ಕಿಲೋಮೀಟರಿಗೆ ಹೊಸದಕ್ಕಿಂತ ಸುಮಾರು 5 ಸುತ್ತು ಜಾಸ್ತಿ ತಿರುಗುತ್ತದೆ. ರಸ್ತೆ ನೆಟ್ಟಗಿದ್ದರೂ ಈ ವ್ಯತ್ಯಾಸ ತಪ್ಪುವುದಿಲ್ಲ. ಒಂದೇ ಹೊಸದು ಹಾಕಿದರೆ ಹಿಂದಿನ ಡಿಫರೆನ್ಷಿಯಲ್ (ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ) ಬಿಡುವಿಲ್ಲದೆ ಕೆಲಸ ಮಾಡುತ್ತದೆ, ಮುಂದು ಹಿಂದಿನ ಚಕ್ರಗಳ ನಡುವಿನ ಕಪ್ಲಿಂಗಿಗೆ ಅರ್ಧ ವ್ಯತ್ಯಾಸ ಹೋಗುತ್ತದೆ. ಹಿಂದೆ ಜೋಡಿ ಹಾಕಿದರೆ ಡಿಫರೆನ್ಷಿಯಲ್ ಬಚಾವು, ಆದರೆ ಪೂರ್ತಿ 5 ಸುತ್ತೂ ಕಪ್ಲಿಂಗಿನ ತಲೆಗೆ! ಮುಂದಿನ ಚಕ್ರಗಳಷ್ಟೇ ಎಳೆಯುವ ಕಾರಿಗೆ ಸರಿಯಾದ ಜೋಡಿ ಸಲಹೆ ಇಲ್ಲಿ ಕೆಡುವುದು ಇದರಿಂದಲೇ. ಕಪ್ಲಿಂಗಿನೊಳಗಿನ ಕ್ಲಚ್ ಪ್ಲೇಟುಗಳು ಉಜ್ಜಿ ಬಿಸಿಯಾಗುತ್ತವೆ, ಆಯಿಲ್ ಕೆಡುತ್ತದೆ. ಆ ರಿಪೇರಿಯ ಬಿಲ್ಲು ಬಂದರೆ ಟೈರಿನಲ್ಲಿ ಉಳಿಸಿದ್ದು ಎಲ್ಲಿಗೂ ಸಾಲದು.

ನಾಲ್ಕೂ ಟೈರುಗಳ ವ್ಯತ್ಯಾಸ 1.5ರಿಂದ 2 ಮಿ.ಮೀ. ಒಳಗಿದ್ದರೆ, ಅದೇ ಕಂಪನಿ, ಅದೇ ಪ್ಯಾಟರ್ನಿನ ಒಂದನ್ನು ಹಾಕಬಹುದು. ಕೆಲವು ತಯಾರಕರ ಮಿತಿ ಇದಕ್ಕಿಂತಲೂ ಬಿಗಿ, ಆದ್ದರಿಂದ ಕಾರಿನ ಮ್ಯಾನ್ಯುವಲ್ಲೇ ಕೊನೆಯ ಮಾತು. ನಿಮ್ಮದು ಆ ಮಿತಿ ದಾಟಿದೆ. ಖರ್ಚು ತಡೆಯಲಾಗದಿದ್ದರೆ ಅದೇ ಪ್ಯಾಟರ್ನಿನ, 4ರಿಂದ 5 ಮಿ.ಮೀ. ಉಳಿದಿರುವ ಸೆಕೆಂಡ್ ಹ್ಯಾಂಡ್ ಟೈರ್ ಹುಡುಕಿ. ಒಳಗೆ ಪ್ಯಾಚ್ ಇದೆಯೇ, ಪಕ್ಕದಲ್ಲಿ ಉಬ್ಬು ಇದೆಯೇ ಎಂದು ರಿಮ್ಮಿನಿಂದ ಬಿಚ್ಚಿದ ಸ್ಥಿತಿಯಲ್ಲಿ ನೋಡಿಯೇ ಕೊಳ್ಳಿ.

ನಾಲ್ಕು ಹೊಸದು ಕೊಳ್ಳುವಾಗ ಸೈಜಿನ ಪಕ್ಕದಲ್ಲಿ 96ಎಚ್ ಇರಲಿ. 96 ಎಂದರೆ ಒಂದು ಟೈರು 710 ಕಿಲೋ ಹೊರಬಲ್ಲದು, ಎಚ್ ಎಂಬುದು ವೇಗದ ಮಿತಿಯ ಗುರುತು. ಇದಕ್ಕಿಂತ ಕಡಿಮೆಯದು ಬೇಡ. ತಯಾರಿಕೆಯ ನಾಲ್ಕು ಅಂಕಿ ಓದಿ: 2325 ಎಂದಿದ್ದರೆ 2025ರ 23ನೇ ವಾರದ್ದು. ವರ್ಷ ದಾಟಿದ್ದರೆ ಬೇರೆ ಕೇಳಿ. ತೋಟದ ದಾರಿ ಎಂದು ಆಲ್ ಟೆರೇನ್ ಟೈರಿಗೆ ಆಸೆಪಡುವವರು ಬಹಳ. ನಿಮ್ಮ ಓಡಾಟದಲ್ಲಿ ಡಾಂಬರೇ ಹೆಚ್ಚಾಗಿದ್ದರೆ ಅದು ಬೇಡ. ಸದ್ದು ಜಾಸ್ತಿ, ಮೈಲೇಜ್ ಕಡಿಮೆ, ಮಳೆಯಲ್ಲಿ ಬ್ರೇಕ್ ಹಾಕಿದರೆ ಕಾರು ಹೆಚ್ಚು ದೂರ ಹೋಗಿ ನಿಲ್ಲುತ್ತದೆ. ಚಾರ್ಮಾಡಿ ಘಾಟಿಯ ಮಳೆಗೆ ಬೇಕಾದದ್ದು ಅಗಲವಾದ ನೀರಿನ ಕಾಲುವೆಗಳಿರುವ ರಸ್ತೆ ಟೈರು. ನಾಲ್ಕು ಚಕ್ರದ ಎಳೆತ ಕಾರನ್ನು ಹೊರಡಿಸುತ್ತದೆ, ನಿಲ್ಲಿಸುವುದಿಲ್ಲ.

ಹಾಕಿಸಿದ ದಿನವೇ ಅಲೈನ್‌ಮೆಂಟ್ ಮಾಡಿಸಿ. ಆಮೇಲೆ 8ರಿಂದ 10 ಸಾವಿರ ಕಿ.ಮೀ.ಗೊಮ್ಮೆ ಅದಲು ಬದಲು: ಹಿಂದಿನವು ನೇರ ಮುಂದಕ್ಕೆ, ಮುಂದಿನವು ಅಡ್ಡಹಾಯ್ದು ಹಿಂದಕ್ಕೆ. ಪಕ್ಕದಲ್ಲಿ ತಿರುಗುವ ದಿಕ್ಕಿನ ಬಾಣದ ಗುರುತಿದ್ದರೆ ಅದೇ ಬದಿಯಲ್ಲಿ ಮಾತ್ರ ಹಿಂದೆ ಮುಂದೆ. ಸ್ಟೆಪ್ನಿಯ ಸೈಜು ಬೇರೆಯಾಗಿದ್ದರೆ ಅದು ಪಂಚರ್ ಅಂಗಡಿ ತಲುಪುವಷ್ಟಕ್ಕೇ.

ಪ್ರಶ್ನೆ: ನನ್ನ ಹಿಂಬದಿ ಚಾಲನೆಯ ಥಾರ್ ಜೀಪಿನಲ್ಲಿ ಬೇಕಾದಾಗ ಮಾತ್ರ ಫೋರ್ ಬೈ ಫೋರ್ ಹಾಕುತ್ತೇನೆ. ನನಗೂ ಇದೇ ನಿಯಮವೇ?
– ಓದುಗರು, ಸಕಲೇಶಪುರ

ಉತ್ತರ: 2ಎಚ್‌ನಲ್ಲಿ, ಅಂದರೆ ಹಿಂದಿನ ಎರಡೇ ಚಕ್ರ ಎಳೆಯುವಂತೆ ಓಡಿಸುವಾಗ ಮುಂದಿನ ಆಕ್ಸಲ್ ಬಿಡಿಯಾಗಿರುತ್ತದೆ, ಹಿಂದೆ ಜೋಡಿ ಹೊಸದು ಹಾಕಿದರೆ ತೊಂದರೆಯಿಲ್ಲ. 4ಎಚ್ (ನಾಲ್ಕೂ ಚಕ್ರದ ಎಳೆತ) ಹಾಕಿದೊಡನೆ ಮುಂದು ಹಿಂದಿನ ಶಾಫ್ಟುಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಕೆಸರಿನಲ್ಲಿ ಚಕ್ರ ಜಾರಿ, ಸುತ್ತಿನ ವ್ಯತ್ಯಾಸದಿಂದ ಹುಟ್ಟಿದ ಒತ್ತಡ ಬಿಡುಗಡೆಯಾಗುತ್ತದೆ. ಒಣ ಡಾಂಬರಿನಲ್ಲಿ ಅದಕ್ಕೆ ದಾರಿಯೇ ಇಲ್ಲ, ಲಿವರ್ 2ಎಚ್‌ಗೆ ಮರಳಲು ಒಪ್ಪದೆ ಬಿಗಿದುಕೊಳ್ಳುತ್ತದೆ. ಹಾಗಾದರೆ ಕೆಲವು ಮೀಟರು ನೇರವಾಗಿ ರಿವರ್ಸ್ ಹೋಗಿ ಮತ್ತೆ ಹಾಕಿ ನೋಡಿ.