ಕುಚ್ಚಲಕ್ಕಿಯಿಂದ ಶುರು ಮಾಡಿ

ಮಾನ್ಯರೇ,

ನಿಮ್ಮ ‘ವಿಟಮಿನ್: ಆರೋಗ್ಯದ ಗುಟ್ಟು’ ಲೇಖನವನ್ನು ಗಮನವಿಟ್ಟು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ನಿಮಗೆ ಬರೆಯುವ ಕೈ ಇದೆ ಎಂದು ಅನ್ನಿಸಿದ್ದರಿಂದ ಕಾರಣಗಳನ್ನು ಬಿಡಿಸಿ ಹೇಳುತ್ತಿದ್ದೇನೆ.

‘ರಾಗಿಯಲ್ಲಿ ಕ್ಯಾಲ್ಸಿಯಂ ಎಂಬ ವಿಟಮಿನ್ ಹೇರಳವಾಗಿದೆ’ ಎಂದು ಬರೆದಿದ್ದೀರಿ. ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳವಾಗಿರುವುದು ನಿಜ, ಆದರೆ ಅದು ಖನಿಜ. ಮುಂದೆ ಕಬ್ಬಿಣವನ್ನೂ ಪ್ರೋಟೀನನ್ನೂ ಅದೇ ಸಾಲಿಗೆ ಸೇರಿಸಿದ್ದೀರಿ. ಇವೆಲ್ಲ ಪೋಷಕಾಂಶಗಳು, ಜೀವಸತ್ವಗಳು ಅವುಗಳಲ್ಲಿ ಒಂದು ಗುಂಪು ಮಾತ್ರ. ದೇಹಕ್ಕೆ ತೀರಾ ಕಡಿಮೆ ಪ್ರಮಾಣದಲ್ಲಿ ಬೇಕಾದ, ಆದರೆ ದೇಹ ತನಗೆ ಸಾಕಾಗುವಷ್ಟು ತಯಾರಿಸಿಕೊಳ್ಳಲಾರದ ಸಾವಯವ ವಸ್ತುಗಳಿಗೆ ಈ ಹೆಸರು. ಮನುಷ್ಯನಿಗೆ ಬೇಕಾದವು 13. ಜೀವಸತ್ವ ಎನ್ನಿ, ವಿಟಮಿನ್ ಎನ್ನಿ, ಎರಡೂ ಸರಿಯೇ. ಒಂದನ್ನು ಹಿಡಿದು ಕೊನೆಯವರೆಗೂ ಅದನ್ನೇ ಬಳಸಿ.

‘ಎಷ್ಟು ಹೆಚ್ಚು ಸೇವಿಸಿದರೆ ಅಷ್ಟು ಶಕ್ತಿ’ ಎಂಬ ವಾಕ್ಯವನ್ನಂತೂ ತೆಗೆಯಲೇಬೇಕು. ಜೀವಸತ್ವಗಳಿಂದ ಕ್ಯಾಲೊರಿ ಸಿಗುವುದಿಲ್ಲ. ಎ, ಡಿ, ಇ, ಕೆ ಜೀವಸತ್ವಗಳು ಕೊಬ್ಬಿನಲ್ಲಿ ಕರಗುವಂಥವು. ಅದರಲ್ಲೂ ಎ ಮತ್ತು ಡಿ ಅತಿಯಾದರೆ ದೇಹದಲ್ಲಿ ಸಂಗ್ರಹವಾಗಿ ಹಾನಿ ಮಾಡುತ್ತವೆ. ಗರ್ಭಿಣಿ ಮಿತಿಮೀರಿ ಎ ಜೀವಸತ್ವದ ಮಾತ್ರೆ ನುಂಗಿದರೆ ಹೊಟ್ಟೆಯಲ್ಲಿರುವ ಮಗುವಿಗೇ ಅಪಾಯ. ಅಚ್ಚಾದ ಮಾತನ್ನು ನಂಬಿ ಔಷಧಿ ಅಂಗಡಿಗೆ ಹೋಗುವವರು ಇಂದಿಗೂ ಇದ್ದಾರೆ.

ಇನ್ನು ನಿಮ್ಮ ನಾಲ್ಕನೆಯ ಪುಟ. ಅಜ್ಜಿ ಅಂಗಳದಲ್ಲಿ ದೊಡ್ಡ ಹಂಡೆಯಿಟ್ಟು ಭತ್ತ ಬೇಯಿಸುತ್ತಿದ್ದುದನ್ನು, ಸಿಪ್ಪೆ ಬಾಯಿಬಿಡುವ ಹೊತ್ತಿಗೆ ಏಳುತ್ತಿದ್ದ ವಾಸನೆಯನ್ನು, ಚಾಪೆಯ ಮೇಲೆ ಹರವಿದ ಭತ್ತವನ್ನು ಅವರು ಕಾಲಿನಿಂದಲೇ ಕೆದಕಿ ಒಣಗಿಸುತ್ತಿದ್ದುದನ್ನು ಐದೇ ವಾಕ್ಯಗಳಲ್ಲಿ ಬರೆದಿದ್ದೀರಿ. ಬಹಳ ಚೆನ್ನಾಗಿದೆ. ಆದರೆ ಅದನ್ನು ‘ಹಳೆಯ ಕಾಲದ ಸೊಗಸು’ ಎಂದು ಕರೆದು ಅಲ್ಲಿಗೇ ಬಿಟ್ಟಿದ್ದೀರಿ. ನಿಮ್ಮ ಲೇಖನ ಇರುವುದೇ ಅಲ್ಲಿ.

1890ರ ಆಸುಪಾಸಿನಲ್ಲಿ ಡಚ್ಚರ ಆಳ್ವಿಕೆಯಲ್ಲಿದ್ದ ಜಾವಾದಲ್ಲಿ ಕ್ರಿಸ್ಟಿಯಾನ್ ಐಕ್ಮನ್ ಎಂಬ ವೈದ್ಯರು ಬೆರಿಬೆರಿ ರೋಗದ ಬೆನ್ನು ಹತ್ತಿದ್ದರು. ರೋಗಿಗಳ ಕಾಲು ಸೋಲುತ್ತಿತ್ತು, ಹೃದಯ ಸೋಲುತ್ತಿತ್ತು. ರೋಗಾಣುವೇ ಕಾರಣವೆಂದು ಹುಡುಕಿದರೂ ಅದು ಸಿಗಲಿಲ್ಲ. ಅಷ್ಟರಲ್ಲಿ ಪ್ರಯೋಗಾಲಯದ ಕೋಳಿಗಳೂ ಕಾಲು ಎಳೆಯತೊಡಗಿದವು. ಕೆಲ ತಿಂಗಳಲ್ಲಿ ತಾವಾಗಿಯೇ ಚೇತರಿಸಿಕೊಂಡವು. ವಿಚಾರಿಸಿದಾಗ ತಿಳಿದದ್ದು ಇಷ್ಟು: ಕೋಳಿಗಳಿಗೆ ಕೆಲಕಾಲ ಸೇನಾ ಆಸ್ಪತ್ರೆಯ ಅಡುಗೆಮನೆಯ ಬಿಳಿ ಅನ್ನ ಹಾಕಲಾಗಿತ್ತು, ಹೊಸದಾಗಿ ಬಂದ ಅಡುಗೆಯವನು ಸೇನೆಯ ಅಕ್ಕಿಯನ್ನು ಹೊರಗಿನ ಕೋಳಿಗಳಿಗೆ ಕೊಡಲಾರೆನೆಂದು ನಿಲ್ಲಿಸಿದ್ದ. ಮತ್ತೆ ತವುಡು ಉಳಿದ ಅಕ್ಕಿ ತಿನ್ನತೊಡಗಿದ ಮೇಲೆ ಅವು ಚೇತರಿಸಿಕೊಂಡಿದ್ದವು. ಬಿಳಿ ಅಕ್ಕಿಯಲ್ಲಿ ವಿಷವಿದೆ, ತವುಡು ಅದನ್ನು ಅಳಿಸುತ್ತದೆ ಎಂದು ಐಕ್ಮನ್ ಊಹಿಸಿದರು. ತವುಡಿನಲ್ಲಿರುವ ಯಾವುದೋ ಅಗತ್ಯ ವಸ್ತು ಬಿಳಿ ಅಕ್ಕಿಯಲ್ಲಿ ಇಲ್ಲವಾಗಿದೆ ಎಂದು 1901ರಲ್ಲಿ ತೋರಿಸಿದವರು ಅವರ ನಂತರ ಅಲ್ಲಿ ಕೆಲಸ ಮುಂದುವರಿಸಿದ ಗೆರಿಟ್ ಗ್ರೈನ್ಸ್. ಇಂಥ ವಸ್ತುಗಳಿಗೆ 1912ರಲ್ಲಿ ‘ವಿಟಮಿನ್’ ಎಂದು ಹೆಸರಿಟ್ಟವರು ಪೋಲೆಂಡ್ ಮೂಲದ ಕ್ಯಾಸಿಮಿರ್ ಫಂಕ್. ತವುಡಿನ ಆ ವಸ್ತುವೇ ಬಿ1, ಅಂದರೆ ಥಯಾಮಿನ್.

ಈಗ ನಿಮ್ಮ ಅಜ್ಜಿಯ ಹಂಡೆಯನ್ನು ನೋಡಿ. ಭತ್ತವನ್ನು ನೆನೆಸಿ ಬೇಯಿಸುವಾಗ ಹೊರಪದರದ ಥಯಾಮಿನ್ ಒಂದಿಷ್ಟು ಕಾಳಿನ ಒಳಕ್ಕೆ ಇಳಿಯುತ್ತದೆ. ಮಿಲ್ಲಿನಲ್ಲಿ ತವುಡು ಹೋದರೂ ಅದು ಕಾಳಿನಲ್ಲಿ ಉಳಿಯುತ್ತದೆ. ಕುಚ್ಚಲಕ್ಕಿ ಉಣ್ಣುವವರಲ್ಲಿ ಬೆರಿಬೆರಿ ಅಪರೂಪವಾಗಿದ್ದುದು ಇದರಿಂದಲೇ. ಇದರ ಜೊತೆಗೆ ಗಂಜಿಯ ವಿಷಯವನ್ನೂ ಸೇರಿಸಿ: ಬಿ ಗುಂಪಿನ ಜೀವಸತ್ವಗಳು ನೀರಿನಲ್ಲಿ ಕರಗುವುದರಿಂದ ಅನ್ನದ ತಿಳಿ ಬಸಿದು ಚೆಲ್ಲಿದರೆ ಅವೂ ಹೋಗುತ್ತವೆ. ನಿಮ್ಮ ಮನೆಯಲ್ಲಿ ತಿಳಿಯನ್ನು ಏನು ಮಾಡುತ್ತಿದ್ದರು? ಉಪ್ಪು ಹಾಕಿ ಕುಡಿಯುತ್ತಿದ್ದರೇ, ದನಕ್ಕೆ ಕೊಡುತ್ತಿದ್ದರೇ? ಮನೆಯ ಹಿರಿಯರನ್ನು ಕೇಳಿ ಬರೆಯಿರಿ.

ಮೊದಲ ಮೂರು ಪುಟಗಳನ್ನು ಪೂರ್ತಿ ಬಿಡಿ. ಹಂಡೆಯಿಂದ ಆರಂಭಿಸಿ ಜಾವಾಕ್ಕೆ ಹೋಗಿ, ಅಲ್ಲಿಂದ ಅಡುಗೆಮನೆಗೆ ಬನ್ನಿ. ಕಣ್ಣಿಗೆ ಕ್ಯಾರೆಟ್, ಮೂಳೆಗೆ ಹಾಲು ಎಂಬ ಪಟ್ಟಿ ಬೇಡ. ಅದು ಶಾಲೆಯ ಪಠ್ಯದಲ್ಲೇ ಇದೆ. ಎಂಟುನೂರು ಪದ ಮೀರದಿರಲಿ. ಅಚ್ಚಿಗೆ ಹೋಗುವ ಮುನ್ನ ಆಹಾರತಜ್ಞರೊಬ್ಬರಿಗೆ ಓದಲು ಕೊಡುತ್ತೇವೆ. ಅವರು ಸೂಚಿಸುವ ತಿದ್ದುಪಡಿಗಳಿಗೆ ನಿಮ್ಮ ಒಪ್ಪಿಗೆ ಬೇಕಾಗುತ್ತದೆ. ಭತ್ತ ಬೇಯಿಸುವ ಹಳೆಯ ಫೋಟೊ ಮನೆಯಲ್ಲಿದ್ದರೆ ಅದನ್ನೂ ಕಳುಹಿಸಿ.

ಇತಿ,
ಸಂಪಾದಕ