ಡಿಪಾಜಿಟ್ ಮುರಿಯುವ ಮುನ್ನ ಲೆಕ್ಕ ತೋರಿಸಿ

ಪ್ರಶ್ನೆ: ಟಿಳಕವಾಡಿಯ ನಮ್ಮ ಮನೆಗೆ ಬಾಡಿಗೆ 10,000, ಡಿಪಾಜಿಟ್ 50,000 ರೂಪಾಯಿ. ಎರಡು ವರ್ಷ ಇದ್ದವರು ಈಗ ಬಿಡುತ್ತಿದ್ದಾರೆ. ಹಾಲ್‌ ಗೋಡೆಯನ್ನು ಮಕ್ಕಳು ಗೀಚಿ ಹಾಳು ಮಾಡಿದ್ದಾರೆ, ಮಲಗುವ ಕೋಣೆಯ ಗೋಡೆಗೆ ಬೂಸಲು ಬಂದಿದೆ, ವಾಷ್ ಬೇಸಿನ್ ಒಡೆದಿದೆ. ಇಡೀ ಮನೆಯ ಬಣ್ಣಕ್ಕೆ 24,000 ಹೇಳುತ್ತಿದ್ದಾರೆ. ಎಲ್ಲವನ್ನೂ ಡಿಪಾಜಿಟ್‌ನಲ್ಲಿ ಮುರಿದುಕೊಳ್ಳಬಹುದೇ?
– ಓದುಗರು, ಬೆಳಗಾವಿ

ಉತ್ತರ: ಎಲ್ಲವನ್ನೂ ಮುರಿಯುವುದು ನ್ಯಾಯವಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಪ್ರಕಾರ ಬಾಡಿಗೆದಾರರು ಮನೆಯನ್ನು ಪಡೆದ ಸ್ಥಿತಿಯಲ್ಲೇ ಒಪ್ಪಿಸಬೇಕು. ಆದರೆ ಬಳಕೆಯಿಂದ ಸಹಜವಾಗಿ ಆಗುವ ಸವಕಳಿಗೆ ಅವರು ಹೊಣೆಯಲ್ಲ. ಬಣ್ಣ ಮಾಸುವುದು, ಕ್ಯಾಲೆಂಡರ್ ಮೊಳೆಯ ತೂತು, ಬಾಗಿಲ ಹಿಡಿಕೆ ಸಡಿಲವಾಗುವುದು ಎಲ್ಲ ಸವಕಳಿಯೇ.

ಗೀಚಿದ್ದು ಹಾಲ್‌ನಲ್ಲಿ ಮಾತ್ರ. 24,000ದಲ್ಲಿ ಹಾಲ್‌ನ ಪಾಲು 6,000 ಎಂದಿಟ್ಟುಕೊಳ್ಳಿ. ಒಳಗೋಡೆಯ ಬಣ್ಣಕ್ಕೆ ನಾಲ್ಕು ವರ್ಷ ಆಯುಷ್ಯ ಹಿಡಿದರೆ, ಅವರು ಬರುವ ಮುಂಚೆ ಹೊಸದಾಗಿ ಬಳಿಸಿದ್ದರೂ ಅರ್ಧ ಆಯುಷ್ಯ ಮುಗಿದಿದೆ. ಕೇಳಬಹುದಾದದ್ದು 3,000. ಅವರು ಬರುವಾಗಲೇ ಬಣ್ಣ ಎರಡು ವರ್ಷ ಹಳೆಯದಾಗಿದ್ದರೆ ಏನನ್ನೂ ಕೇಳಬೇಡಿ.

ಬೂಸಲಿನ ವಿಷಯದಲ್ಲಿ ಆತುರ ಬೇಡ. ಬೆಳಗಾವಿಯ ಮಳೆಗೆ ಹೊರಗೋಡೆ ನೀರು ಕುಡಿಯುವುದು ಹೊಸದೇನಲ್ಲ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಬೂಸಲಿನ ಪಕ್ಕದ ಗೋಡೆಗೆ ಒತ್ತಿ, ನಾಲ್ಕೂ ಅಂಚಿಗೆ ಗಾಳಿ ನುಗ್ಗದಂತೆ ಟೇಪ್ ಹಚ್ಚಿ, ಎರಡು ದಿನ ಬಿಡಿ. ಹಾಳೆಯ ಹಿಂದೆ, ಗೋಡೆಯ ಕಡೆ ತೇವ ಕೂತಿದ್ದರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ. ಆ ರಿಪೇರಿ ಮಾಲೀಕರದ್ದೇ. ಮೇಲ್ಮೈಯಲ್ಲಿ, ಕೋಣೆಯ ಕಡೆ ಹನಿ ಕಂಡರೆ ಒಳಗೆ ಬಟ್ಟೆ ಒಣಹಾಕಿ ಕಿಟಕಿ ಮುಚ್ಚಿಟ್ಟಿರುವ ಸಾಧ್ಯತೆ ಇದೆ. ಆಗಲೂ ಒರೆಸಿ ತೆಗೆಯುವ ಖರ್ಚಷ್ಟನ್ನೇ ಕೇಳಿ.

ಬೇಸಿನ್ ಅವರ ಲೆಕ್ಕಕ್ಕೆ. ಅದೇ ದರ್ಜೆಯದನ್ನು ತಂದು, ಪ್ಲಂಬರ್ ಕೂಲಿ ಸೇರಿಸಿ ರಸೀದಿ ತೋರಿಸಿ. ಕೀಲಿ ಪಡೆಯುವ ದಿನ ಇಬ್ಬರೂ ನಿಂತು ಹೆಸ್ಕಾಂ ಮೀಟರಿನ ಫೋಟೊ ತೆಗೆಯಿರಿ. ಬಾಕಿ ಬಿಲ್ಲಿಗೆ ಬೇಕಾದಷ್ಟನ್ನು ಮಾತ್ರ ಹಿಡಿದು ಉಳಿದದ್ದನ್ನು ಅಂದೇ ಕೊಡಿ. ಒಂದು ಕರೆಂಟ್ ಬಿಲ್ಲಿಗಾಗಿ 50,000 ತಡೆದಿಟ್ಟುಕೊಂಡರೆ, ಅವರು ಹೊಸ ಮನೆಗೆ ಡಿಪಾಜಿಟ್ ಎಲ್ಲಿಂದ ತರಬೇಕು? ಈ ದುಡ್ಡು ನಿಮ್ಮದಲ್ಲ. ಇದನ್ನು ಬೇರೆ ಖಾತೆಯಲ್ಲೋ ಎಫ್‌ಡಿಯಲ್ಲೋ ಇಡಿ. ಹೊಸ ಬಾಡಿಗೆದಾರರು ಬಂದ ಮೇಲೆ ಕೊಡುತ್ತೇನೆ ಎನ್ನುವ ಮಾತು ಹುಟ್ಟುವುದೇ ಅದನ್ನು ಖರ್ಚು ಮಾಡಿಕೊಂಡಿದ್ದರಿಂದ.

ಪ್ರಶ್ನೆ: 60,000 ಡಿಪಾಜಿಟ್ ನಗದಾಗಿ ಕೊಡುತ್ತೇವೆ ಎನ್ನುತ್ತಾರೆ. ಪಡೆಯಬಹುದೇ? ಬೋರ್ ನೀರಿಗೆ ನಲ್ಲಿ ಕಟ್ಟಿಕೊಂಡರೆ ಯಾರ ಖರ್ಚು?
– ಓದುಗರು, ವಿಜಯಪುರ

ಉತ್ತರ: ನಗದು ಬೇಡ. 20,000 ಅಥವಾ ಅದಕ್ಕೂ ಹೆಚ್ಚಿನ ಠೇವಣಿಯನ್ನು ನಗದಾಗಿ ಪಡೆಯುವುದನ್ನೂ ಮರಳಿಸುವುದನ್ನೂ ಆದಾಯ ತೆರಿಗೆ ಕಾನೂನು ತಡೆಯುತ್ತದೆ. ದಂಡ ಆ ಮೊತ್ತದಷ್ಟೇ ಬೀಳಬಹುದು. ಮೂರು ಕಂತು ಮಾಡಿದರೂ ಮೊತ್ತ ಕೂಡಿಸಿಯೇ ನೋಡುತ್ತಾರೆ. ಬ್ಯಾಂಕ್ ಮೂಲಕ ಪಡೆದು ಕರಾರಿನಲ್ಲಿ ವಹಿವಾಟು ಸಂಖ್ಯೆ ಬರೆಯಿರಿ. ಗಡಸು ನೀರಿನ ಬಿಳಿ ಪದರಕ್ಕೆ ಬಾಡಿಗೆದಾರರನ್ನು ದೂರುವಂತಿಲ್ಲ. ನಲ್ಲಿ ಬದಲಿಸುವುದು ಮಾಲೀಕರ ಪಾಲಿನದು.

ಪ್ರಶ್ನೆ: ನವನಗರದಲ್ಲಿ ಬಾಡಿಗೆದಾರರು ಇರುವ ಎರಡು ಮಹಡಿ ಮನೆ ಕೊಳ್ಳುತ್ತಿದ್ದೇವೆ. ಡಿಪಾಜಿಟ್ ತನ್ನ ಬಳಿ ಇದೆ, ತಾನೇ ಕೊಡುತ್ತೇನೆ ಎನ್ನುತ್ತಾರೆ ಮಾರುವವರು. ನಂಬಬಹುದೇ?
– ಓದುಗರು, ಬಾಗಲಕೋಟೆ

ಉತ್ತರ: ಬಾಯಿಮಾತು ಸಾಲದು. ಆಸ್ತಿ ವರ್ಗಾವಣೆ ಕಾಯ್ದೆಯ 109ನೇ ಕಲಂ ಪ್ರಕಾರ ಮನೆ ಕೊಂಡವರಿಗೆ ಹಕ್ಕಿನೊಂದಿಗೆ ಹೊಣೆಯೂ ಬರುತ್ತದೆ. ನಾಳೆ ಮನೆ ಬಿಡುವಾಗ ಬಾಡಿಗೆದಾರರು ನಿಮ್ಮನ್ನೇ ಕೇಳುತ್ತಾರೆ. ಮುಂಗಡ ಕೊಡುವ ಮೊದಲೇ ಎರಡೂ ಮಹಡಿಯ ಕರಾರು ಓದಿ, ಬಾಡಿಗೆದಾರರನ್ನು ನೇರವಾಗಿ ಕೇಳಿ. ಮಾರುವವರು 40,000 ಎಂದದ್ದು ಅವರ ಬಾಯಲ್ಲಿ 75,000 ಆದರೆ ಆಗಲೇ ಇತ್ಯರ್ಥ ಮಾಡಿಕೊಳ್ಳಿ. ಒಪ್ಪಿದ ಡಿಪಾಜಿಟ್ಟನ್ನು ಖರೀದಿ ಬೆಲೆಯಲ್ಲಿ ಕಳೆದು, ಅದನ್ನು ಮಾರಾಟ ಕರಾರಿನಲ್ಲಿ ಬರೆಸಿ. ನೋಂದಣಿಯ ದಿನ ಮಾರುವವರು, ನೀವು, ಬಾಡಿಗೆದಾರರು ಮೂವರೂ ಸಹಿ ಮಾಡಿದ ಒಂದು ಪತ್ರ ಇರಲಿ: ಡಿಪಾಜಿಟ್ ಎಷ್ಟು, ಯಾವ ತಾರೀಖಿನಿಂದ ಬಾಡಿಗೆ ನಿಮಗೆ, ಹಳೆಯ ಬಾಕಿ ಯಾರಿಗೆ. ಮಾರಾಟಕ್ಕಿಂತ ಹಿಂದಿನ ಬಾಕಿ ಬಾಡಿಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಳೆಯ ಮಾಲೀಕರಿಗೇ ಸೇರುತ್ತದೆ. ಅದನ್ನು ಡಿಪಾಜಿಟ್‌ನಲ್ಲಿ ಮುರಿದುಕೊಳ್ಳುವುದಾದರೆ, ಮುರಿದ ಮೇಲೆ ಉಳಿದ ಮೊತ್ತವನ್ನೇ ಪತ್ರದಲ್ಲಿ ಹಾಕಿ.