ಕನಸಿನ ಕಾಲೇಜಿನ ಸೀಟು ಕೈತಪ್ಪಿದಾಗ

ಪ್ರಶ್ನೆ: ಬೆಂಗಳೂರಿನ ಒಂದು ಕಾಲೇಜಿನಲ್ಲೇ ಕಂಪ್ಯೂಟರ್ ಸೈನ್ಸ್ ಓದಬೇಕೆಂದು ಎರಡು ವರ್ಷದಿಂದ ಆಸೆ ಇಟ್ಟುಕೊಂಡಿದ್ದೆ. ಸಿಇಟಿ ಮೊದಲ ಸುತ್ತಿನಲ್ಲಿ ನಮ್ಮ ಊರ ಹತ್ತಿರದ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಸಿಕ್ಕಿದೆ. ಪಿಯುಸಿ ಪಿಸಿಎಂನಲ್ಲಿ (ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ) 300ಕ್ಕೆ 240, ಸಿಇಟಿಯಲ್ಲಿ 90 ಅಂಕ. ಸೀಟು ಬಿಟ್ಟು ಇನ್ನೊಂದು ವರ್ಷ ಓದಲೇ?
– ವಿದ್ಯಾರ್ಥಿ, ದಾವಣಗೆರೆ

ಉತ್ತರ: ಬೇಸರವಾಗುವುದು ಸಹಜ. ಅದನ್ನು ಅದುಮಿಟ್ಟುಕೊಳ್ಳಬೇಡಿ. ಆದರೆ ಸಿಕ್ಕ ಸೀಟಿನ ಬಗ್ಗೆ ನಿಮ್ಮ ತೀರ್ಮಾನವನ್ನು (ಛಾಯ್ಸ್) ದಾಖಲಿಸಲು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕೊಡುವುದು ಕೆಲವೇ ದಿನ. ಈ ನೋವಿನಲ್ಲಿ ಛಾಯ್ಸ್ 3 ಒತ್ತಿಬಿಡಬೇಡಿ. ಛಾಯ್ಸ್ 3 ಎಂದರೆ ಈಗಿನ ಸೀಟನ್ನು ಬಿಟ್ಟುಕೊಟ್ಟು ಮುಂದಿನ ಸುತ್ತಿಗೆ ಹೋಗುವುದು. ಅಲ್ಲಿ ಏನೂ ಸಿಗದಿದ್ದರೆ ಇದೂ ಇಲ್ಲ. ಛಾಯ್ಸ್ 2ರಲ್ಲಿ ಈ ಸೀಟು ನಿಮ್ಮದಾಗಿಯೇ ಇರುತ್ತದೆ, ನಿಮ್ಮ ಪಟ್ಟಿಯಲ್ಲಿ ಇದಕ್ಕಿಂತ ಮೇಲಿರುವ ಆಪ್ಷನ್ ಸಿಕ್ಕರೆ ಮಾತ್ರ ತಾನಾಗಿ ರದ್ದಾಗುತ್ತದೆ. ಹಲವರು ಎಡವುವುದು ಇಲ್ಲೇ: ಯಾವಾಗಲೋ ಸುಮ್ಮನೆ ಸೇರಿಸಿದ್ದ, ಫೀಸು–ಹಾಸ್ಟೆಲ್ ಖರ್ಚು ಭರಿಸಲಾಗದ ಕಾಲೇಜು ಮೇಲಿನ ಪಟ್ಟಿಯಲ್ಲಿ ಉಳಿದಿರುತ್ತದೆ, ಅದೇ ಸಿಕ್ಕಿ ಕೈಯಲ್ಲಿದ್ದ ಒಳ್ಳೆಯ ಸೀಟು ಹೋಗುತ್ತದೆ. ಸಿಕ್ಕರೆ ಖಂಡಿತ ಸೇರುತ್ತೇನೆ ಎನ್ನುವಂಥವನ್ನಷ್ಟೇ ಉಳಿಸಿ, ಮಿಕ್ಕಿದ್ದನ್ನು ಅಳಿಸಿ. ಹಿಂದಿನ ವರ್ಷಗಳ ಕಟ್‌ಆಫ್ ರ‍್ಯಾಂಕ್ ನೋಡುವಾಗ ನಿಮ್ಮ ಪ್ರವರ್ಗದ, ಎರಡನೇ ಸುತ್ತಿನ ಅಂಕಿಯನ್ನೇ ನೋಡಿ.

ಇನ್ನು ವರ್ಷ ಬಿಡುವ ಮಾತು. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ, ಸಿಇಟಿ ಎರಡೂ ಅರ್ಧರ್ಧ. ನಿಮ್ಮ 240 ಎಂದರೆ ಶೇ 80, ಅದರ ಅರ್ಧ 40. ಸಿಇಟಿಯ 180ಕ್ಕೆ 90 ಎಂದರೆ ಶೇ 50, ಅದರ ಅರ್ಧ 25. ಒಟ್ಟು 65. ಪಿಯುಸಿ ಅಂಕ ಹಾಗೇ ಇದ್ದರೆ, ಸಿಇಟಿಯಲ್ಲಿ ಇನ್ನೂ 18 ಪ್ರಶ್ನೆ ಸರಿಮಾಡಿದರೂ ಕೂಡುವುದು ಬರೀ 5. ಒಟ್ಟು 75 ಆಗಬೇಕೆಂದರೆ 36 ಪ್ರಶ್ನೆ, ಅಂದರೆ ಪ್ರತಿ ವಿಷಯದಲ್ಲೂ 12 ಹೆಚ್ಚು ಸರಿ ಹೋಗಬೇಕು. ಇದು ಆದೀತೇ? ಕೀ ಉತ್ತರ ಇಟ್ಟುಕೊಂಡು ತಪ್ಪಿದ 90 ಪ್ರಶ್ನೆಗಳನ್ನೂ ಮೂರು ಗುಂಪು ಮಾಡಿ: ಪಾಠವೇ ಗೊತ್ತಿರಲಿಲ್ಲ, ಗೊತ್ತಿದ್ದೂ ತಪ್ಪಿತು, ಸಮಯ ಸಾಲಲಿಲ್ಲ. 80 ನಿಮಿಷಕ್ಕೆ 60 ಪ್ರಶ್ನೆಯ ವೇಗ ಅಭ್ಯಾಸದಿಂದ ಬರುತ್ತದೆ. ನೆಗೆಟಿವ್ ಅಂಕ ಇಲ್ಲದ ಪರೀಕ್ಷೆಯಲ್ಲಿ ಖಾಲಿ ಬಿಟ್ಟಿದ್ದರೆ ಅದೂ ಸುಲಭವಾಗಿ ತಿದ್ದಿಕೊಳ್ಳುವಂಥದ್ದು. ಮೊದಲ ಗುಂಪೇ ದೊಡ್ಡದಾಗಿದ್ದು, ಅದರಲ್ಲೂ ಪ್ರಥಮ ಪಿಯುಸಿ ಪಾಠಗಳೇ ಹೆಚ್ಚಿದ್ದರೆ, ಎರಡು ವರ್ಷದ ಪಠ್ಯವನ್ನು ಮತ್ತೆ ಮೊದಲಿಂದ ಓದಬೇಕಾಗುತ್ತದೆ. ಕೊನೆಯೆರಡು ಗುಂಪಿನಲ್ಲೇ 36ಕ್ಕಿಂತ ಹೆಚ್ಚಿದ್ದರೆ, ಮನೆಯಲ್ಲಿ ಹಣದ ಒತ್ತಡ ಇಲ್ಲದಿದ್ದರೆ ವರ್ಷ ಬಿಡುವ ಯೋಚನೆ ಮಾಡಬಹುದು. ಇಲ್ಲದಿದ್ದರೆ ಎಲೆಕ್ಟ್ರಾನಿಕ್ಸ್‌ಗೆ ಸೇರಿ ಎಂದೇ ನಮ್ಮ ಸಲಹೆ. ಸಾಫ್ಟ್‌ವೇರ್ ಕಂಪನಿಗಳು ಈ ಬ್ರಾಂಚಿನವರನ್ನೂ ತೆಗೆದುಕೊಳ್ಳುತ್ತವೆ, ಅವು ಮೊದಲು ನೋಡುವುದು ಸಿಜಿಪಿಎ (ಎಲ್ಲ ಸೆಮಿಸ್ಟರ್‌ಗಳ ಸರಾಸರಿ ಶ್ರೇಣಿ) ಮತ್ತು ಪಾಸಾಗದೆ ಉಳಿದ ವಿಷಯ, ಅಂದರೆ ಬ್ಯಾಕ್‌ಲಾಗ್.

ಸೇರುವ ಮುನ್ನ ಆ ಕಾಲೇಜಿನ ಮೂರನೇ ವರ್ಷದವರನ್ನು ಕೇಳಿ: ನಿಮ್ಮ ಬ್ರಾಂಚಿಗೆ ಎಷ್ಟು ಕಂಪನಿ ಬಂದವು, ಲ್ಯಾಬ್ ತರಗತಿ ನಿಜವಾಗಿ ನಡೆಯುತ್ತದೆಯೇ, ವರ್ಷದ ನಡುವೆ ಮೇಷ್ಟ್ರು ಬಿಟ್ಟುಹೋಗುತ್ತಾರೆಯೇ. ಎನ್‌ಬಿಎ (ರಾಷ್ಟ್ರೀಯ ಮಾನ್ಯತಾ ಮಂಡಳಿ) ಮಾನ್ಯತೆ ಸಿಗುವುದು ಇಡೀ ಕಾಲೇಜಿಗಲ್ಲ, ಒಂದೊಂದು ಬ್ರಾಂಚಿಗೆ. ಹಾಗಾಗಿ ನಿಮ್ಮ ಬ್ರಾಂಚಿಗೆ ಇದೆಯೇ ಎಂದೇ ವಿಚಾರಿಸಿ. ಸೇರಿದ ಮೇಲೆ ಮೊದಲ ಸೆಮಿಸ್ಟರ್ ಕಾಪಾಡಿಕೊಳ್ಳಿ. ಒಲ್ಲದ ಕಾಲೇಜೆಂದು ತರಗತಿ ತಪ್ಪಿಸಿ ಗಣಿತದಲ್ಲಿ ಬ್ಯಾಕ್‌ಲಾಗ್ ಉಳಿಸಿಕೊಂಡವರಿಗೆ ಮುಂದಿನ ಸೆಮಿಸ್ಟರ್‌ಗಳೆಲ್ಲ ಭಾರವಾಗುತ್ತವೆ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕೇಳುವ ಹಾಜರಾತಿ ಶೇ 85.

ಪ್ರಶ್ನೆ: ಸೀಟು ಸಿಗದ ದಿನದಿಂದ ಮಗಳು ಕೋಣೆಯಿಂದ ಹೊರಗೆ ಬರುತ್ತಿಲ್ಲ. ನೆಂಟರೆಲ್ಲ ಫೋನ್ ಮಾಡಿ ಕೇಳುತ್ತಿದ್ದಾರೆ. ಏನು ಮಾಡಲಿ?
– ತಾಯಿ, ಹಾಸನ

ಉತ್ತರ: ಅಮ್ಮಾ, ಮೊದಲು ನೆಂಟರ ಪ್ರಶ್ನೆ ಅವಳ ತನಕ ಹೋಗದಂತೆ ನೋಡಿಕೊಳ್ಳಿ. "ಕೌನ್ಸೆಲಿಂಗ್ ನಡೀತಿದೆ, ಆದ ಮೇಲೆ ನಾವೇ ಹೇಳ್ತೀವಿ" ಎಂದಷ್ಟೇ ಹೇಳಿ, ಮನೆಯವರೆಲ್ಲ ಇದೇ ಮಾತು ಹೇಳಲಿ. ಅವಳ ಎದುರು ಅಕ್ಕಪಕ್ಕದ ಮಕ್ಕಳ ರ‍್ಯಾಂಕ್ ಎತ್ತಬೇಡಿ. "ಹೋಗಲಿ ಬಿಡು, ಅದೇನು ಮಹಾ" ಎನ್ನುವುದೂ ಬೇಡ, ಅವಳಿಗೆ ಅದು ಮಹಾ ಆಗಿತ್ತು. ಊಟದ ಹೊತ್ತಿಗೆ ಕರೆಯಿರಿ, ಬಂದಾಗ ಕಾಲೇಜಿನ ಮಾತು ಬಿಟ್ಟು ಬೇರೆ ಮಾತಾಡಿ. ಕೌನ್ಸೆಲಿಂಗಿನ ಕೊನೆಯ ದಿನಾಂಕಗಳನ್ನು ನೀವೇ ಬರೆದಿಟ್ಟುಕೊಂಡು ದಿನಕ್ಕೊಮ್ಮೆ ಮಾತ್ರ, ಹತ್ತು ನಿಮಿಷ, ಆ ವಿಷಯ ಚರ್ಚಿಸಿ. ಎರಡು ವಾರವಾದರೂ ನಿದ್ದೆ, ಊಟ ಸರಿಹೋಗದಿದ್ದರೆ ವೈದ್ಯರಿಗೆ ತೋರಿಸಿ. "ಬದುಕಿ ಏನು ಪ್ರಯೋಜನ" ಎಂಬಂಥ ಮಾತು ಬಂದರೆ ಒಂದು ದಿನವೂ ಕಾಯಬೇಡಿ, ಒಬ್ಬಳನ್ನೇ ಬಿಡಬೇಡಿ, ಏನು ಅನ್ನಿಸುತ್ತಿದೆ ಎಂದು ನೇರವಾಗಿ ಕೇಳಿ. ಹಾಗೆ ಕೇಳಿದರೆ ಆ ಯೋಚನೆ ಹೆಚ್ಚುವುದಿಲ್ಲ. ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನೀವೂ ಕರೆ ಮಾಡಬಹುದು.

ಪ್ರಶ್ನೆ: ಐಐಟಿ ಕೈತಪ್ಪಿ ಬೇರೆ ಕಾಲೇಜಿನಲ್ಲಿ ಎರಡನೇ ವರ್ಷದಲ್ಲಿದ್ದೇನೆ. ಇನ್ನು ಅವಕಾಶ ಇದೆಯೇ?
– ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಇದೆ. ಎಂ.ಟೆಕ್ ಪ್ರವೇಶದ ಗೇಟ್ ಪರೀಕ್ಷೆಯನ್ನು ಮೂರನೇ ವರ್ಷದಿಂದಲೇ ಬರೆಯಬಹುದು. 3 ಗಂಟೆ, 65 ಪ್ರಶ್ನೆ, 100 ಅಂಕ, ಸ್ಕೋರ್ 3 ವರ್ಷ ಚಾಲ್ತಿಯಲ್ಲಿರುತ್ತದೆ. ಐಐಟಿಗಳ ಮತ್ತು ಬೆಂಗಳೂರಿನ ಐಐಎಸ್‌ಸಿಯ ಎಂ.ಟೆಕ್‌ಗೆ ಇದೇ ಮುಖ್ಯ ದಾರಿ. ಈಗಲೇ ಆನ್‌ಲೈನ್ ಪಾಠಗಳ ವೇದಿಕೆಯಾದ ಎನ್‌ಪಿಟಿಇಎಲ್‌ನಲ್ಲಿ ನಿಮ್ಮ ಸೆಮಿಸ್ಟರ್ ವಿಷಯದ 12 ವಾರದ ಕೋರ್ಸ್ ಒಂದಕ್ಕೆ ಸೇರಿ. ಪಾಠ ಮಾಡುವವರು ಹೆಚ್ಚಾಗಿ ಐಐಟಿ, ಐಐಎಸ್‌ಸಿ ಪ್ರಾಧ್ಯಾಪಕರೇ, ಕಲಿಯಲು ಶುಲ್ಕವಿಲ್ಲ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಹಣ ಕಟ್ಟಬೇಕು. ಒಟ್ಟಿಗೆ ಮೂರು ಕೋರ್ಸಿಗೆ ಸೇರಬೇಡಿ, ವಾರವಾರದ ಅಸೈನ್‌ಮೆಂಟ್ ಬಾಕಿ ಬಿದ್ದು ಮೂರೂ ಅರ್ಧಕ್ಕೆ ನಿಲ್ಲುತ್ತವೆ.